ವಿಮಾನದ ಪಾಯಿಂಟ್ ಯಾರ ಲೆಕ್ಕಕ್ಕೆ?
ಫ್ರೀಕ್ವೆಂಟ್ ಫ್ಲೈಯರ್ ಯೋಜನೆಗಳು ಮತ್ತು ನಮ್ಮ ಉದ್ದಿಮೆದಾರರು

ಪೀಣ್ಯದ ಯಂತ್ರೋಪಕರಣ ತಯಾರಕರಿಗಾಗಲಿ, ಚಿಕ್ಕಮಗಳೂರಿನ ಕಾಫಿ ರಫ್ತುದಾರರಿಗಾಗಲಿ, ಹುಬ್ಬಳ್ಳಿಯ ಸಗಟು ವರ್ತಕರಿಗಾಗಲಿ ವಿಮಾನ ಪ್ರಯಾಣವು ಇಂದು ವೈಭವದ ಸಂಗತಿಯಾಗಿ ಉಳಿದಿಲ್ಲ. ವಿದ್ಯುತ್ ಬಿಲ್ಲು, ಲಾರಿ ಬಾಡಿಗೆಗಳಂತೆ ಅದೂ ಪ್ರತಿ ತಿಂಗಳ ಖರ್ಚಿನ ಪಟ್ಟಿಯಲ್ಲಿ ಸೇರಿಹೋದ ಒಂದು ಬಾಬ್ತು. ಆದರೆ ಉಳಿದ ಬಾಬ್ತುಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ವಿಮಾನದ ಟಿಕೆಟ್ಟಿಗೆ ಹಣ ತೆತ್ತಾಗ ಅದರ ಒಂದು ಸಣ್ಣ ಭಾಗ ಪಾಯಿಂಟ್ ಅಥವಾ ಮೈಲಿಯ ರೂಪದಲ್ಲಿ ಹಿಂದಿರುಗುತ್ತದೆ. ಹೀಗೆ ಹಿಂದಿರುಗಿದ್ದು ಎಷ್ಟು, ಅದು ಯಾರ ಹೆಸರಿನಲ್ಲಿ ಜಮೆಯಾಯಿತು, ಎಂದಿಗೆ ಲಯವಾಗುತ್ತದೆ ಎಂಬುದನ್ನು ತಮ್ಮ ಲೆಕ್ಕಪತ್ರದಲ್ಲಿ ಬರೆದಿಡುವ ಸಂಸ್ಥೆಗಳು ಬಹಳ ವಿರಳ.

ಈ ಪದ್ಧತಿಗೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ. ಅಮೆರಿಕದಲ್ಲಿ ವಿಮಾನ ದರಗಳ ಮೇಲಿನ ಸರ್ಕಾರಿ ನಿಯಂತ್ರಣ 1978ರಲ್ಲಿ ಸಡಿಲಗೊಂಡು ಪೈಪೋಟಿ ಹೆಚ್ಚಿದಾಗ, ಗಿರಾಕಿಯನ್ನು ಉಳಿಸಿಕೊಳ್ಳುವ ಉಪಾಯವಾಗಿ ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ‘ಅಡ್ವಾಂಟೇಜ್’ ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯೂ ಅದೇ ದಾರಿ ಹಿಡಿಯಿತು. ಅಂದು ಖಾಲಿ ಉಳಿಯುವ ಆಸನವನ್ನು ನಿಷ್ಠಾವಂತ ಗಿರಾಕಿಗೆ ಕೊಡುಗೆಯಾಗಿ ನೀಡುವ ಸರಳ ವ್ಯವಹಾರವಾಗಿದ್ದುದು ಇಂದು ವಿಮಾನ ಸಂಸ್ಥೆಗಳ ಪ್ರಮುಖ ಆದಾಯ ಮೂಲಗಳಲ್ಲೊಂದಾಗಿ ಬೆಳೆದಿದೆ. ಕ್ರೆಡಿಟ್ ಕಾರ್ಡ್ ನೀಡುವ ಬ್ಯಾಂಕುಗಳು ತಮ್ಮ ಗಿರಾಕಿಗಳಿಗೆ ಹಂಚಲು ಈ ಪಾಯಿಂಟುಗಳನ್ನು ವಿಮಾನ ಸಂಸ್ಥೆಗಳಿಂದ ಹಣ ಕೊಟ್ಟು ಖರೀದಿಸುತ್ತವೆ. ಕೋವಿಡ್ ಕಾಲದಲ್ಲಿ, ಅಂದರೆ 2020ರಲ್ಲಿ, ವಿಮಾನಗಳು ನೆಲ ಹಿಡಿದಿದ್ದಾಗ ಯುನೈಟೆಡ್ ಸಂಸ್ಥೆ ತನ್ನ ‘ಮೈಲೇಜ್‌ಪ್ಲಸ್’ ಯೋಜನೆಯನ್ನೇ ಅಡಮಾನವಿಟ್ಟು ಸುಮಾರು 680 ಕೋಟಿ ಡಾಲರ್ ಸಾಲ ಎತ್ತಿತು. ವಿಮಾನ ಹಾರದಿದ್ದರೂ ಪಾಯಿಂಟಿನ ವ್ಯಾಪಾರಕ್ಕೆ ಬೆಲೆಯಿತ್ತು ಎಂಬುದು ಇದರಿಂದ ವಿದಿತವಾಗುತ್ತದೆ.

ಇಷ್ಟು ಬೆಲೆಯುಳ್ಳ ವಸ್ತುವಿನ ಮೇಲೆ ಸದಸ್ಯನ ಹಕ್ಕು ಎಷ್ಟು? ಬಹುತೇಕ ಯೋಜನೆಗಳ ನಿಯಮಾವಳಿಯಲ್ಲಿ, ಪಾಯಿಂಟು ಸದಸ್ಯನ ಆಸ್ತಿಯಲ್ಲ, ಯೋಜನೆಯನ್ನು ಬದಲಿಸುವ ಅಥವಾ ನಿಲ್ಲಿಸುವ ಅಧಿಕಾರ ಸಂಸ್ಥೆಗಿದೆ ಎಂಬ ಷರತ್ತು ಇದ್ದೇ ಇರುತ್ತದೆ. ಇದನ್ನು ಓದುವವರು ಕಡಿಮೆ.

ಕಿಂಗ್‌ಫಿಶರ್ ಮತ್ತು ಜೆಟ್ ಕಲಿಸಿದ್ದು

ಬೆಂಗಳೂರಿನ ಉದ್ದಿಮೆದಾರರಿಗೆ ಈ ಷರತ್ತಿನ ಅರ್ಥ ತಿಳಿಯಲು ಹೊರದೇಶದ ಉದಾಹರಣೆ ಬೇಕಾಗಿಲ್ಲ. ಯು.ಬಿ. ಸಮೂಹದ ಕಿಂಗ್‌ಫಿಶರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿ, ‘ಕಿಂಗ್ ಕ್ಲಬ್’ ಹೆಸರಿನ ಯೋಜನೆಯಲ್ಲಿ ನಗರದ ಅಸಂಖ್ಯ ವರ್ತಕರನ್ನು ಸದಸ್ಯರನ್ನಾಗಿಸಿಕೊಂಡಿತ್ತು. 2012ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯ ಹಾರಾಟ ನಿಂತು ಪರವಾನಗಿ ಅಮಾನತುಗೊಂಡಾಗ ಆ ಮೈಲಿಗಳೂ ಅದರೊಂದಿಗೇ ಮುಳುಗಿದವು. ಸಂಸ್ಥೆಗೆ ಸಾಲ ಕೊಟ್ಟ ಬ್ಯಾಂಕುಗಳೇ ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆಯಬೇಕಾಗಿ ಬಂದ ಪ್ರಕರಣದಲ್ಲಿ, ಉಚಿತ ಟಿಕೆಟ್ಟಿನ ಆಸೆಯಿಂದ ಮೈಲಿ ಕೂಡಿಟ್ಟವರ ಅಹವಾಲನ್ನು ಕೇಳುವವರಾದರೂ ಯಾರು?

ಜೆಟ್ ಏರ್‌ವೇಸ್ ಪ್ರಕರಣದಲ್ಲಿ ಆದದ್ದು ಬೇರೆ. ಅದರ ‘ಜೆಟ್ ಪ್ರಿವಿಲೇಜ್’ ಯೋಜನೆಯನ್ನು ಪ್ರತ್ಯೇಕ ಕಂಪನಿಯನ್ನಾಗಿ ಮಾಡಲಾಗಿತ್ತು. 2014ರಲ್ಲಿ ಅಬುಧಾಬಿಯ ಎತಿಹಾದ್ ಸಂಸ್ಥೆ ಅದರ ಶೇ. 50.1ರಷ್ಟು ಪಾಲನ್ನು ಕೊಂಡುಕೊಂಡಿತ್ತು. 2019ರ ಏಪ್ರಿಲ್ 17ರಂದು ಜೆಟ್ ವಿಮಾನಗಳು ನಿಂತುಹೋದರೂ ಯೋಜನೆ ಉಳಿಯಿತು, ಅದೇ ವರ್ಷ ‘ಇಂಟರ್‌ಮೈಲ್ಸ್’ ಎಂದು ಹೆಸರು ಬದಲಿಸಿಕೊಂಡಿತು. ಸದಸ್ಯರು ತಮ್ಮ ಮೈಲಿಗಳನ್ನು ಹೋಟೆಲ್, ಸರಕು ಖರೀದಿ, ಇತರ ವಿಮಾನಗಳ ಟಿಕೆಟ್ ಮುಂತಾದವಕ್ಕೆ ಬಳಸಿಕೊಳ್ಳಲು ಸಾಧ್ಯವಾಯಿತು. ಆದರೆ ಯಾವ ವಿಮಾನದಲ್ಲಿ ಹಾರಲೆಂದು ಕೂಡಿಟ್ಟಿದ್ದರೋ ಆ ವಿಮಾನವೇ ಇರಲಿಲ್ಲ. ಒಂದೇ ದಶಕದೊಳಗೆ ಎರಡು ಸಂಸ್ಥೆಗಳು ಮುಚ್ಚಿದಾಗ ಒಂದರ ಸದಸ್ಯರು ಎಲ್ಲವನ್ನೂ ಕಳೆದುಕೊಂಡರು, ಇನ್ನೊಂದರವರು ಭಾಗಶಃ ಪಾರಾದರು. ಈ ಭಿನ್ನತೆಗೆ ಯೋಜನೆಯ ಆಕರ್ಷಣೆಯಾಗಲಿ ಸದಸ್ಯರ ಜಾಣ್ಮೆಯಾಗಲಿ ಕಾರಣವಲ್ಲ, ಕಂಪನಿಯ ಷೇರುಗಳ ಹಂಚಿಕೆ ಕಾರಣ.

ವಿಸ್ತಾರ ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನಗೊಂಡಾಗ ಮಾತ್ರ ಗಿರಾಕಿಗಳಿಗೆ ದೊಡ್ಡ ನಷ್ಟವಾಗಲಿಲ್ಲ. ‘ಕ್ಲಬ್ ವಿಸ್ತಾರ’ ಪಾಯಿಂಟುಗಳು ಒಂದಕ್ಕೊಂದರಂತೆ ಹೊಸ ‘ಮಹಾರಾಜ ಕ್ಲಬ್’ ಯೋಜನೆಗೆ ವರ್ಗವಾದವು. ಎರಡೂ ಸಂಸ್ಥೆಗಳ ಹಿಂದೆ ಟಾಟಾ ಸಮೂಹ ಇದ್ದುದರಿಂದ ಇದು ಸುಲಭವಾಯಿತು.

ಹನಿಗೂಡಿ ಹಳ್ಳವಾಗುವುದು ನಿಜವಾದರೂ ಈ ಹಳ್ಳದ ತೂಬು ಬೇರೆಯವರ ಕೈಯಲ್ಲಿದೆ. ಆದ್ದರಿಂದ ಪಾಯಿಂಟನ್ನು ಬ್ಯಾಂಕಿನ ಠೇವಣಿಯಂತೆ ವರ್ಷಗಟ್ಟಲೆ ಬೆಳೆಯಲು ಬಿಡದೆ, ಸಾಕಷ್ಟಾದೊಡನೆ ಖರ್ಚು ಮಾಡುವುದೇ ವ್ಯವಹಾರಕ್ಕೆ ಒಪ್ಪುವ ರೀತಿ. ಠೇವಣಿಗೆ ಬಡ್ಡಿ ಉಂಟು, ಪಾಯಿಂಟಿಗೆ ಇರುವುದು ಸವಕಳಿ ಮಾತ್ರ.

ದೂರದ ಬದಲು ದುಡ್ಡು

ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಈ ಯೋಜನೆಗಳ ಮೂಲ ಲೆಕ್ಕಾಚಾರವೇ ಬದಲಾಗಿದೆ. ಹಿಂದೆ ಹಾರಿದ ದೂರಕ್ಕೆ ತಕ್ಕಂತೆ ಮೈಲಿ ಜಮೆಯಾಗುತ್ತಿತ್ತು. ಅಮೆರಿಕದಲ್ಲಿ ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ತೆತ್ತ ಹಣಕ್ಕೆ ತಕ್ಕಂತೆ ಪಾಯಿಂಟ್ ನೀಡುವ ಕ್ರಮಕ್ಕೆ ಹೊರಳಿದವು. ಏರ್ ಇಂಡಿಯಾ ತನ್ನ ‘ಫ್ಲೈಯಿಂಗ್ ರಿಟರ್ನ್ಸ್’ ಯೋಜನೆಯಲ್ಲಿ 2024ರ ಏಪ್ರಿಲ್‌ನಿಂದ ಇದೇ ಕ್ರಮವನ್ನು ಜಾರಿಗೆ ತಂದಿತು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್ 1ರಿಂದ ಸದಸ್ಯರ ಶ್ರೇಣಿಯನ್ನೂ ಹಣದ ಅಳತೆಗೇ ಒಳಪಡಿಸಿ, ತನ್ನ ಟಿಕೆಟ್ಟುಗಳಿಗೆ ವ್ಯಯಿಸಿದ ಒಂದು ಪೌಂಡಿಗೆ ಒಂದು ಶ್ರೇಣಿ ಪಾಯಿಂಟ್ ಎಂದು ಗೊತ್ತುಪಡಿಸಿತು. ಆ ಮಾರ್ಪಾಡಿನಂತೆ ‘ಗೋಲ್ಡ್’ ದರ್ಜೆಗೆ ಬೇಕಾದದ್ದು 20,000 ಪಾಯಿಂಟ್. ನಮ್ಮ ಹಣದಲ್ಲಿ ಅದು 20 ಲಕ್ಷ ರೂಪಾಯಿಗೂ ಮೀರಿದ ವೆಚ್ಚ.

ಈ ಬದಲಾವಣೆಯಿಂದ ಲಾಭ ಯಾರಿಗೆ? ಬೆಂಗಳೂರಿನಿಂದ ದೆಹಲಿಗೆ ಒಂದೇ ವಿಮಾನದಲ್ಲಿ ಹೊರಟ ಇಬ್ಬರನ್ನು ಊಹಿಸಿಕೊಳ್ಳಬಹುದು. ಒಬ್ಬರು ಎರಡು ತಿಂಗಳ ಮೊದಲೇ 5,000 ರೂಪಾಯಿಗೆ ಟಿಕೆಟ್ ಪಡೆದ ಗೃಹಸ್ಥರು. ಇನ್ನೊಬ್ಬರು ಟೆಂಡರ್ ಸಲ್ಲಿಕೆಗೆಂದು ಹಿಂದಿನ ಸಂಜೆ 14,000 ರೂಪಾಯಿ ತೆತ್ತ ಗುತ್ತಿಗೆದಾರರು. ಹಳೆಯ ಕ್ರಮದಲ್ಲಿ ಇಬ್ಬರಿಗೂ ಹತ್ತಿರ ಹತ್ತಿರ ಒಂದೇ ಪ್ರತಿಫಲ ಸಿಗುತ್ತಿತ್ತು, ಹೊಸ ಕ್ರಮದಲ್ಲಿ ಗುತ್ತಿಗೆದಾರರಿಗೆ ಸುಮಾರು ಮೂರು ಪಟ್ಟು. ಅವಸರದ ಪ್ರಯಾಣವೇ ಹೆಚ್ಚಾಗಿರುವ ವ್ಯಾಪಾರಸ್ಥರಿಗೆ ಈ ಪದ್ಧತಿ ಅನುಕೂಲಕರ. ಅಗ್ಗದ ದರ ಹುಡುಕಿ ಪ್ರಯಾಣಿಸುವ ಕುಟುಂಬಕ್ಕೆ ಇದರಿಂದ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪಾಯಿಂಟನ್ನು ಲೆಕ್ಕ ಹಾಕುವುದು ಮೂಲ ದರ ಮತ್ತು ವಿಮಾನ ಸಂಸ್ಥೆಯೇ ವಿಧಿಸುವ ಸರ್‌ಚಾರ್ಜುಗಳ ಮೇಲೆಯೇ ಹೊರತು ಸರ್ಕಾರದ ತೆರಿಗೆ ಹಾಗೂ ನಿಲ್ದಾಣದ ಶುಲ್ಕಗಳ ಮೇಲಲ್ಲ ಎಂಬುದನ್ನೂ ಗಮನಿಸಬೇಕು.

ಯಾವ ಪ್ರಯಾಣಿಕರಿಗೆ ಯಾವುದು?

ದೇಶದೊಳಗೇ ಓಡಾಡುವವರಿಗೆ ಇಂದು ಆಯ್ಕೆ ಹೆಚ್ಚಿಲ್ಲ. ಆಂತರಿಕ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂಡಿಗೊ ವಿಮಾನಗಳಲ್ಲೇ ಹಾರುತ್ತಿದ್ದಾರೆ. ಕುತೂಹಲದ ಸಂಗತಿಯೆಂದರೆ, 2006ರಲ್ಲಿ ಆರಂಭವಾದ ಈ ಸಂಸ್ಥೆ ಅಗ್ಗದ ದರವೇ ತನ್ನ ಕೊಡುಗೆ ಎಂಬ ನಿಲುವಿನಲ್ಲಿ ಹದಿನೆಂಟು ವರ್ಷ ತನ್ನದೇ ಆದ ಇಂಥ ಯೋಜನೆಯಿಲ್ಲದೆ ನಡೆದು, 2024ರಲ್ಲಷ್ಟೇ ‘ಬ್ಲೂಚಿಪ್’ ಆರಂಭಿಸಿತು. ಹುಬ್ಬಳ್ಳಿ, ಬೆಳಗಾವಿಯಂಥ ಊರಿನ ವರ್ತಕರು ಪಾಯಿಂಟ್ ನೋಡಿ ವಿಮಾನ ಆರಿಸುವ ಸ್ಥಿತಿಯಲ್ಲಿಲ್ಲ, ವೇಳೆಗೆ ಸರಿಯಾಗಿ ಇರುವ ವಿಮಾನವೇ ಅವರ ಆಯ್ಕೆ. ಅಂಥವರು ಆ ಸಂಸ್ಥೆಯ ಯೋಜನೆಗೆ ಉಚಿತವಾಗಿ ಸೇರಿ, ಬಂದದ್ದನ್ನು ಬಳಸಿಕೊಂಡರೆ ಸಾಕು. ಬೆಂಗಳೂರಿನಿಂದ ದೆಹಲಿ, ಮುಂಬಯಿಗಳಿಗೆ ತಿಂಗಳಲ್ಲಿ ಮೂರು ನಾಲ್ಕು ಬಾರಿ ಹೋಗುವವರಿಗೆ ಮಾತ್ರ ಏರ್ ಇಂಡಿಯಾದ ಮಹಾರಾಜ ಕ್ಲಬ್ ಮತ್ತು ಬ್ಲೂಚಿಪ್‌ಗಳ ನಡುವೆ ತೂಗಿ ನೋಡುವ ಅವಕಾಶ ಉಂಟು. ವರ್ಷಕ್ಕೊಮ್ಮೆಯಾದರೂ ವಿದೇಶಕ್ಕೆ ಹೋಗುವವರಾದರೆ ಮಹಾರಾಜ ಕ್ಲಬ್‌ನ ತೂಕ ಹೆಚ್ಚು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ಅಂತಾರಾಷ್ಟ್ರೀಯ ಒಕ್ಕೂಟದ ಸದಸ್ಯ ಸಂಸ್ಥೆಯಾಗಿರುವುದರಿಂದ ಇಲ್ಲಿ ಗಳಿಸಿದ್ದನ್ನು ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್ ಮೊದಲಾದವುಗಳಲ್ಲಿಯೂ ಬಳಸಬಹುದು. ಇಂಡಿಗೊ ಇಂಥ ಯಾವ ಒಕ್ಕೂಟದಲ್ಲಿಯೂ ಇಲ್ಲ.

ಯುರೋಪಿಗೆ ಹೋಗಿಬರುವ ರಫ್ತುದಾರರ ವಿಷಯ ಸ್ವಲ್ಪ ವಿವರವಾಗಿ ನೋಡಬೇಕಾದದ್ದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 4,600 ಮೈಲಿ, ಹೋಗಿಬರಲು 9,200. ಲುಫ್ತಾನ್ಸಾ ವಿಮಾನದಲ್ಲಿ ಹೋದರೂ ಜಮೆಯನ್ನು ಲುಫ್ತಾನ್ಸಾದ ‘ಮೈಲ್ಸ್ ಅಂಡ್ ಮೋರ್’ಗೆ ಹಾಕಿಸಬಹುದು, ಸಿಂಗಪುರ ಏರ್‌ಲೈನ್ಸ್‌ನ ‘ಕ್ರಿಸ್‌ಫ್ಲೈಯರ್’ಗೆ ಹಾಕಿಸಬಹುದು, ಮಹಾರಾಜ ಕ್ಲಬ್‌ಗೂ ಹಾಕಿಸಬಹುದು. ಒಂದು ಪ್ರಯಾಣಕ್ಕೆ ಒಂದೇ ಕಡೆ. ಈ ಸ್ವಾತಂತ್ರ್ಯವೇ ಹಲವರಿಗೆ ಮುಳುವಾಗಿದೆ: ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಎಂದು ಹಂಚಿಹೋಗಿ ಎಲ್ಲಿಯೂ ಒಂದು ಟಿಕೆಟ್ಟಿಗೆ ಆಗುವಷ್ಟು ಕೂಡುವುದಿಲ್ಲ.

ಇದರ ಜೊತೆಗೆ ಟಿಕೆಟ್ಟಿನ ಮೇಲಿರುವ ದರವರ್ಗದ ಅಕ್ಷರವನ್ನೂ ನೋಡಬೇಕು. ಪಾಲುದಾರ ಸಂಸ್ಥೆಯ ವಿಮಾನದಲ್ಲಿ ಅತ್ಯಂತ ಅಗ್ಗದ ದರವರ್ಗಕ್ಕೆ ಮೈಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ ಅಥವಾ ಶೂನ್ಯ. ಕ್ರಿಸ್‌ಫ್ಲೈಯರ್‌ನಲ್ಲಿ ‘ಎಲೀಟ್ ಗೋಲ್ಡ್’ ದರ್ಜೆಗೆ ಹನ್ನೆರಡು ತಿಂಗಳಲ್ಲಿ 50,000 ಎಲೀಟ್ ಮೈಲಿ ಬೇಕು. ಅರ್ಧ ಮೈಲಿ ಸಿಗುವ ಅಗ್ಗದ ಟಿಕೆಟ್ಟಿನಲ್ಲಿ ಫ್ರಾಂಕ್‌ಫರ್ಟ್‌ಗೆ ಹೋಗಿಬಂದರೆ ಕೂಡುವುದು 4,600. ಆ ಲೆಕ್ಕದಲ್ಲಿ ವರ್ಷಕ್ಕೆ ಹನ್ನೊಂದು ಬಾರಿ ಹೋಗಿಬರಬೇಕಾಗುತ್ತದೆ. ಒಂದೂಕಾಲು ಪಟ್ಟು ಸಿಗುವ ಬಿಸಿನೆಸ್ ದರ್ಜೆಯಲ್ಲಾದರೆ ಐದು ಬಾರಿ ಸಾಕು. ವರ್ಷಕ್ಕೆ ಎರಡು ಮೇಳಗಳಿಗೆ ಹೋಗಿಬರುವ ಸಣ್ಣ ರಫ್ತುದಾರರು ಗೋಲ್ಡ್ ದರ್ಜೆಯ ಆಸೆಯನ್ನು ಬಿಡುವುದೇ ಲೇಸು. ಐದಾರು ಬಾರಿ ಹೋಗುವವರು ಮಾತ್ರ ಅದನ್ನು ಬೆನ್ನಟ್ಟಬಹುದು. ಆಗ ಅವರಿಗೆ ನಿಜವಾಗಿ ಒದಗುವುದು ಲೌಂಜಿನ ಉಪಾಹಾರಕ್ಕಿಂತ ಹೆಚ್ಚಾಗಿ ಸಾಮಾನಿನ ರಿಯಾಯಿತಿ: ಸ್ಟಾರ್ ಅಲಯನ್ಸ್ ಗೋಲ್ಡ್ ಸದಸ್ಯರು ತೂಕದ ಪದ್ಧತಿಯಲ್ಲಿ 20 ಕಿಲೋ, ನಗದ ಪದ್ಧತಿಯಲ್ಲಿ ಒಂದು ನಗ ಹೆಚ್ಚಿಗೆ ಒಯ್ಯಬಹುದು. ಮಾದರಿ ಸರಕು ಹೊತ್ತು ಹೋಗುವವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಅವಧಿಯ ನಿಯಮವನ್ನೂ ಹೋಲಿಸಿ ನೋಡುವುದು ಅಗತ್ಯ. ಕ್ರಿಸ್‌ಫ್ಲೈಯರ್ ಮೈಲಿಗಳ ಆಯುಸ್ಸು ಮೂರು ವರ್ಷ. ನಡುವೆ ಎಷ್ಟೇ ಬಾರಿ ಹಾರಿದರೂ ಹಳೆಯ ಮೈಲಿಗಳ ಗಡುವು ಮುಂದೆ ಹೋಗುವುದಿಲ್ಲ. ಬ್ರಿಟಿಷ್ ಏರ್‌ವೇಸ್ ಮತ್ತು 2022ರಿಂದ ಕತಾರ್ ಏರ್‌ವೇಸ್ ಬಳಸುತ್ತಿರುವ ‘ಏವಿಯೋಸ್’ ಪಾಯಿಂಟುಗಳು ಮೂವತ್ತಾರು ತಿಂಗಳಿಗೊಮ್ಮೆಯಾದರೂ ಖಾತೆಯಲ್ಲಿ ಗಳಿಕೆ ಅಥವಾ ಬಳಕೆ ನಡೆದರೆ ಉಳಿಯುತ್ತವೆ. ಡೆಲ್ಟಾ ಮತ್ತು ಯುನೈಟೆಡ್ ಮೈಲಿಗಳಿಗೆ ಗಡುವೇ ಇಲ್ಲ. ಎರಡು ವರ್ಷಕ್ಕೊಮ್ಮೆ ಅಮೆರಿಕದಿಂದ ಸಂಸಾರ ಸಮೇತ ಊರಿಗೆ ಬರುವ ಕನ್ನಡಿಗರಿಗೆ ಈ ಕಡೆಯ ಎರಡು ಬಗೆ ಹೆಚ್ಚು ಹೊಂದುತ್ತವೆ. ಮನೆಮಂದಿಯ ಪಾಯಿಂಟುಗಳನ್ನು ಒಂದೆಡೆ ಕೂಡಿಸುವ ಅನುಕೂಲ ಎಮಿರೇಟ್ಸ್, ಕತಾರ್, ಬ್ರಿಟಿಷ್ ಏರ್‌ವೇಸ್‌ಗಳಲ್ಲಿ ಇದೆ. ಯುನೈಟೆಡ್ 2024ರಲ್ಲಿ ಅದನ್ನು ಆರಂಭಿಸಿತು. ನಾಲ್ಕು ಜನರ ಕುಟುಂಬಕ್ಕೆ ಇದೇ ನಿರ್ಣಾಯಕ ಅಂಶವಾಗಬೇಕು.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕರಾವಳಿಯ ಜನರ ಮಾತು ಬೇರೆ. ದುಬೈನ ಎಮಿರೇಟ್ಸ್ ಸಂಸ್ಥೆಯ ‘ಸ್ಕೈವಾರ್ಡ್ಸ್’ ಒಳ್ಳೆಯ ಯೋಜನೆಯೇ. ಆದರೆ ಎಮಿರೇಟ್ಸ್ ವಿಮಾನ ಮಂಗಳೂರಿಗೆ ಬರುವುದಿಲ್ಲ. ಪಾಯಿಂಟಿನ ಆಸೆಗೆ ಬೆಂಗಳೂರಿನಲ್ಲಿಳಿದು, ಪೆಟ್ಟಿಗೆಗಳೊಂದಿಗೆ ರಾತ್ರಿಯಿಡೀ ಘಟ್ಟ ಇಳಿಯುವ ಬಸ್ಸು ಹಿಡಿದರೆ ಉಳಿಯುವುದೇನು? ಮಂಗಳೂರಿಗೇ ನೇರ ಬರುವ ಅಗ್ಗದ ದರದ ವಿಮಾನ, ಟಿಕೆಟ್ಟಿನೊಂದಿಗೆ ಸಿಗುವ ಸಾಮಾನಿನ ಕಿಲೋ ಎಷ್ಟು ಎಂಬುದೇ ಅವರಿಗೆ ಮುಖ್ಯ.

ವರ್ಷಕ್ಕೊಮ್ಮೆ ಪ್ರವಾಸ ಹೋಗುವವರು ಯಾವ ಯೋಜನೆಗೂ ನಿಷ್ಠರಾಗಿರಬೇಕಾಗಿಲ್ಲ. ಅಂದಂದಿಗೆ ಕಡಿಮೆ ದರದ ಟಿಕೆಟ್ ಕೊಂಡರೆ ಆಯಿತು.

ಪಾಯಿಂಟಿನ ಬೆಲೆ ಕಟ್ಟುವ ಬಗೆ

ಪಾಯಿಂಟಿನ ಬೆಲೆ ತಿಳಿಯಲು ಜಾಹೀರಾತನ್ನು ನಂಬಬೇಕಾಗಿಲ್ಲ, ಅಂಗಡಿಯ ಲೆಕ್ಕ ಸಾಕು. ಅದೇ ದಿನದ ಅದೇ ವಿಮಾನಕ್ಕೆ ನಗದು ದರ 6,000 ರೂಪಾಯಿ ಇದೆ ಎನ್ನೋಣ. ಪಾಯಿಂಟಿನಲ್ಲಿ ಪಡೆದರೆ 10,000 ಪಾಯಿಂಟ್ ಮತ್ತು ತೆರಿಗೆ, ಶುಲ್ಕ ಸೇರಿ 1,200 ರೂಪಾಯಿ. ಉಳಿತಾಯ 4,800 ರೂಪಾಯಿ. ಅಂದರೆ ಪಾಯಿಂಟಿಗೆ 48 ಪೈಸೆ. ‘ಉಚಿತ’ ಟಿಕೆಟ್ಟಿಗೂ ತೆರಿಗೆ, ಶುಲ್ಕಗಳನ್ನು ಕೈಯಿಂದ ಕಟ್ಟಬೇಕೆಂಬುದು ಇದರಲ್ಲೇ ಕಾಣುತ್ತದೆ. ಈ ಲೆಕ್ಕವನ್ನು ಎರಡು ಮೂರು ಬೇರೆ ಬೇರೆ ದಿನಾಂಕಗಳಿಗೆ ಮಾಡಿ ನೋಡಿದರೆ ಯೋಜನೆಯ ನಿಜವಾದ ತೂಕ ತಿಳಿಯುತ್ತದೆ. ಪಾಯಿಂಟುಗಳನ್ನು ಮಿಕ್ಸರ್, ಸೂಟ್‌ಕೇಸ್ ಮುಂತಾದ ಸಾಮಾನಿಗೆ ಬದಲಿಸಿಕೊಂಡಾಗ ಸಾಮಾನ್ಯವಾಗಿ ಸಿಗುವ ಬೆಲೆ ಇದಕ್ಕಿಂತಲೂ ಕಡಿಮೆ. ದೂರದ ಬಿಸಿನೆಸ್ ದರ್ಜೆಯ ಟಿಕೆಟ್ಟಿಗೆ ಬಳಸಿದಾಗ ಬೆಲೆ ಏರುವುದುಂಟು. ಆದರೆ ಹೇಗೂ ಕೊಳ್ಳದಿದ್ದ ಎರಡು ಲಕ್ಷದ ಟಿಕೆಟ್ಟನ್ನು ‘ಉಳಿತಾಯ’ವೆಂದು ಬರೆದುಕೊಳ್ಳುವುದು ಲೆಕ್ಕಿಗರು ಒಪ್ಪುವ ಮಾತಲ್ಲ.

ಸಂಸ್ಥೆಗಳು ಕಳೆದುಕೊಳ್ಳುತ್ತಿರುವುದು

ನೌಕರರು ಸಂಸ್ಥೆಯ ಕೆಲಸಕ್ಕಾಗಿ ಹಾರಿದಾಗ ಬರುವ ಪಾಯಿಂಟ್ ಸಾಮಾನ್ಯವಾಗಿ ಹಾರಿದ ವ್ಯಕ್ತಿಯ ಖಾತೆಗೇ ಸೇರುತ್ತದೆ, ಹಣ ಕೊಟ್ಟವರ ಖಾತೆಗಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ವಾರಗಟ್ಟಲೆ ಮನೆ ಬಿಟ್ಟು ತಿರುಗುವ ನೌಕರನಿಗೆ ಅದೊಂದು ಸಮಾಧಾನ. ಅಪಾಯವಿರುವುದು, ಪಾಯಿಂಟಿನ ಆಸೆಯಿಂದ ಟಿಕೆಟ್ಟಿನ ಆಯ್ಕೆಯೇ ಬದಲಾದಾಗ. 7,000 ರೂಪಾಯಿಯ ವಿಮಾನ ಲಭ್ಯವಿದ್ದರೂ ತನ್ನ ಖಾತೆ ಇರುವ ಸಂಸ್ಥೆಯ 9,500 ರೂಪಾಯಿಯ ಟಿಕೆಟ್ ಪಡೆದ ನೌಕರನು, ತನಗೆ ಬರುವ ಕೆಲವು ನೂರು ರೂಪಾಯಿಯ ಪಾಯಿಂಟಿಗಾಗಿ ಮಾಲೀಕರ 2,500 ರೂಪಾಯಿಯನ್ನು ವ್ಯಯಿಸಿದಂತಾಯಿತು.

ಇದಕ್ಕಿಂತ ದೊಡ್ಡ ಸೋರಿಕೆ ಜಿ.ಎಸ್.ಟಿ.ಯಲ್ಲಿದೆ. ಎಕಾನಮಿ ದರ್ಜೆಯ ಟಿಕೆಟ್ಟಿಗೆ ಶೇ. 5; ಬಿಸಿನೆಸ್ ಮೊದಲಾದ ದರ್ಜೆಗಳಿಗೆ ಶೇ. 12ರಷ್ಟಿದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ವ್ಯವಹಾರದ ನಿಮಿತ್ತ ಪ್ರಯಾಣವಾದರೆ ನೋಂದಾಯಿತ ಸಂಸ್ಥೆ ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ಸೌಲಭ್ಯವಿಲ್ಲ. ಆದರೆ ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯನ್ನು ನಮೂದಿಸಿರಬೇಕು. ನೌಕರರು ತಮ್ಮ ಸ್ವಂತ ಕಾರ್ಡಿನ ಪಾಯಿಂಟಿಗಾಗಿ ಮೊಬೈಲಿನಲ್ಲಿ ಟಿಕೆಟ್ ಪಡೆದು ನಂತರ ಬಿಲ್ಲು ಸಲ್ಲಿಸಿದಾಗ ಈ ಸಂಖ್ಯೆ ಬಿಟ್ಟುಹೋಗುವುದೇ ಹೆಚ್ಚು. ತಿಂಗಳಿಗೆ ತಲಾ 8,000 ರೂಪಾಯಿ ದರದ ಇಪ್ಪತ್ತು ಎಕಾನಮಿ ಟಿಕೆಟ್ ಕೊಳ್ಳುವ ಸಂಸ್ಥೆ ಹೀಗೆ ಬಿಟ್ಟುಕೊಡುವುದು ತಿಂಗಳಿಗೆ 8,000, ವರ್ಷಕ್ಕೆ 96,000 ರೂಪಾಯಿ. 60,000 ರೂಪಾಯಿಯ ಒಂದೇ ಬಿಸಿನೆಸ್ ಟಿಕೆಟ್ಟಿನಲ್ಲಿ 10,800 ರೂಪಾಯಿ ಹೋಗುತ್ತದೆ. ಯಾವ ಯೋಜನೆಯ ಪಾಯಿಂಟೂ ಈ ನಷ್ಟವನ್ನು ಸುಲಭವಾಗಿ ತುಂಬಿಕೊಡಲಾರದು.

ಹಣ ತೆತ್ತ ಸಂಸ್ಥೆಗೇ ಪ್ರತಿಫಲ ಸಿಗುವ ಪ್ರತ್ಯೇಕ ಯೋಜನೆಗಳು ಇವೆಯೆಂಬುದು ನಮ್ಮ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ. ಸಿಂಗಪುರ ಏರ್‌ಲೈನ್ಸ್‌ನ ‘ಹೈಫ್ಲೈಯರ್’, ಎಮಿರೇಟ್ಸ್‌ನ ‘ಬಿಸಿನೆಸ್ ರಿವಾರ್ಡ್ಸ್’ ಇಂಥವು. ಇವುಗಳಲ್ಲಿ ಪ್ರಯಾಣಿಸಿದ ನೌಕರನಿಗೆ ಅವನ ಮೈಲಿಗಳು ಎಂದಿನಂತೆ ಸಲ್ಲುತ್ತವೆ. ಅದರ ಮೇಲೆ ಸಂಸ್ಥೆಯ ಖಾತೆಗೂ ಬೇರೆ ಪಾಯಿಂಟ್ ಜಮೆಯಾಗುತ್ತದೆ. ನಾಲ್ಕಾರು ಇಂಜಿನಿಯರುಗಳನ್ನು ವರ್ಷವಿಡೀ ಸಿಂಗಪುರಕ್ಕೋ ದುಬೈಗೋ ಕಳುಹಿಸುವ ಸಂಸ್ಥೆಗೆ, ಮಾಲೀಕರ ಕೈಯಲ್ಲಿರುವ ಗೋಲ್ಡ್ ಕಾರ್ಡಿಗಿಂತ ಇದೇ ಹೆಚ್ಚು ಉಪಯುಕ್ತ.

ಪಾಯಿಂಟು ಯಾರಿಗೆ ಸೇರಬೇಕೆಂಬ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಜರ್ಮನಿಯಲ್ಲಿ 2002ರ ಜುಲೈನಲ್ಲಿ, ಸಂಸದರಾಗಿ ಅಧಿಕೃತ ಪ್ರಯಾಣಗಳಲ್ಲಿ ಗಳಿಸಿದ ಮೈಲಿಗಳನ್ನು ಖಾಸಗಿ ಪ್ರವಾಸಕ್ಕೆ ಬಳಸಿದ ವಿಷಯ ಹೊರಬಿದ್ದು, ಬರ್ಲಿನ್ ರಾಜ್ಯದ ಆರ್ಥಿಕ ವ್ಯವಹಾರಗಳ ಇಲಾಖೆಯ ಹೊಣೆ ಹೊತ್ತಿದ್ದ ಗ್ರೆಗೋರ್ ಗೀಸಿ ಪದತ್ಯಾಗ ಮಾಡಬೇಕಾಯಿತು. ಗ್ರೀನ್ ಪಕ್ಷದ ಚೆಮ್ ಓಜ್ದೆಮಿರ್ ಕೂಡ ಹಿಂದೆ ಸರಿದರು. ನಮ್ಮ ಕೇಂದ್ರ ಸರ್ಕಾರದ ನಿಯಮವೂ ಕಟ್ಟುನಿಟ್ಟಾಗಿದೆ. ಏಳನೆಯ ವೇತನ ಆಯೋಗದ ನಂತರ ಹಣಕಾಸು ಸಚಿವಾಲಯ 2017ರ ಜುಲೈನಲ್ಲಿ ಹೊರಡಿಸಿದ ಪ್ರಯಾಣ ಭತ್ಯೆಯ ಆದೇಶದ ಪ್ರಕಾರ, ಅಧಿಕೃತ ಪ್ರಯಾಣದಲ್ಲಿ ಬಂದ ಮೈಲೇಜ್ ಪಾಯಿಂಟುಗಳನ್ನು ಆಯಾ ಇಲಾಖೆಯ ಅಧಿಕೃತ ಪ್ರಯಾಣಕ್ಕೇ ಬಳಸಬೇಕು. ಖಾಸಗಿಯಾಗಿ ಬಳಸಿದರೆ ಇಲಾಖಾ ಕ್ರಮಕ್ಕೆ ಗುರಿಯಾಗಬೇಕಾಗುತ್ತದೆ.

ಖಾಸಗಿ ಸಂಸ್ಥೆಗಳು ಅಷ್ಟು ಬಿಗಿಯಾಗಬೇಕೆಂದಿಲ್ಲ, ಒಂದು ಪುಟದ ಲಿಖಿತ ನಿಯಮವಿದ್ದರೆ ಸಾಕು. ಪಾಯಿಂಟ್ ನೌಕರರದೇ ಆಗಲಿ; ಆದರೆ ಟಿಕೆಟ್ ಸಂಸ್ಥೆಯ ಮೂಲಕವೇ, ಜಿ.ಎಸ್.ಟಿ. ಸಂಖ್ಯೆಯೊಂದಿಗೆ ಆಗಬೇಕು. ಕಡಿಮೆ ದರದ ವಿಮಾನವನ್ನು ಬಿಟ್ಟು ಹೆಚ್ಚಿನದನ್ನು ಆರಿಸಿದರೆ ಕಾರಣವನ್ನು ಬರೆದು ಕೊಡಬೇಕು. ಪಾಲುದಾರಿಕೆ ಸಂಸ್ಥೆಗಳಲ್ಲಿ ಈ ನಿಯಮ ಪಾಲುದಾರರಿಗೂ ಅನ್ವಯಿಸಬೇಕು. ಅಣ್ಣತಮ್ಮಂದಿರು ಸೇರಿ ನಡೆಸುವ ವ್ಯವಹಾರಗಳಲ್ಲಿ ಒಬ್ಬರೇ ಸದಾ ವಿಮಾನ ಹತ್ತುವವರಾಗಿ, ಇನ್ನೊಬ್ಬರು ಕಾರ್ಖಾನೆಯಲ್ಲೇ ಉಳಿಯುವವರಾದಾಗ, ಪಾಯಿಂಟುಗಳ ಹಂಚಿಕೆಯನ್ನು ಮೊದಲೇ ಮಾತನಾಡಿಕೊಳ್ಳುವುದು ಕ್ಷೇಮ. ಮಾರ್ಚ್ ಕೊನೆಯಲ್ಲಿ ದಾಸ್ತಾನು ಲೆಕ್ಕ ತೆಗೆಯುವಾಗಲೇ ಪ್ರತಿ ಖಾತೆಯಲ್ಲಿರುವ ಪಾಯಿಂಟ್ ಎಷ್ಟು, ಮುಂದಿನ ಹನ್ನೆರಡು ತಿಂಗಳಲ್ಲಿ ಲಯವಾಗುವುದು ಎಷ್ಟು ಎಂದು ಗುಮಾಸ್ತರಿಂದ ಬರೆಸಿಕೊಂಡರೆ ಅರ್ಧ ದಿನದ ಕೆಲಸ.